ಎಲೆಯ ಹಿಂಬದಿ

ಗೆಂಟ್ ಊರಿನ ಈ ಹಿತ್ತಲಿಗೆ ಬಿಸಿಲು
ಬರುವುದು ನಲವತ್ತೇ ನಿಮಿಷ, ಅದೂ
ಪಕ್ಕದ ಮನೆಯ ಕಿಟಕಿಗೆ ಬಡಿದು ಬಂದ ಎಂಜಲು.
ಹೆರ್ಲಿಂಡೆಗೆ ಅಷ್ಟೇ ಸಾಕು.

ಮೂವತ್ತು ವರ್ಷ ಟ್ರಾಮ್ ಓಡಿಸಿದ ಕೈ
ಕರ್ಣಕುಂಡಲದ ಒಂದೊಂದೇ ಎಲೆ ಮಗುಚುತ್ತದೆ,
ಶಾಲೆಗೆ ಹೊರಟ ಮಗುವಿನ ಕಿವಿ ಮಡಚಿ ನೋಡಿದ ಹಾಗೆ.
ನೀರು ಬುಡಕ್ಕೆ ಮಾತ್ರ, ಸಣ್ಣಗೆ;
ನೆರಳಲ್ಲಿ ನೆನೆದ ಎಲೆ ಬೇಗ ಆರದು.

ಮೂರನೆಯ ಕುಂಡದಲ್ಲಿ, ಇಂದು, ಎಲೆಯಡಿ
ಹಿಟ್ಟು ಉದುರಿಸಿದಂತೆ ಬಿಳಿ ಬೂಷ್ಟು.
ಬೈಗುಳ ಒಂದು, ಫ್ಲೆಮಿಶ್‌ನಲ್ಲಿ.
ಹೂವಿದ್ದಂತೆಯೇ ಕಿತ್ತಳು, ಮಣ್ಣು ಸಮೇತ,
ಚೀಲದ ಬಾಯಿಗೆ ಎರಡು ಗಂಟು.

"ಹೇಗೂ ಮೊದಲ ಹಿಮಕ್ಕೆ ಸಾಯುವಂಥವು,
ಇಷ್ಟೇಕೆ ಒದ್ದಾಟ?" ಬೇಲಿಯಾಚೆ ವೌಟರ್.

"ಅಕ್ಟೋಬರಿಗೆ ಇನ್ನೂ ಒಂಬತ್ತು ವಾರವಿದೆ,"
ಎಂದವಳು
ಕತ್ತರಿಯನ್ನು ಸ್ಪಿರಿಟ್‌ನಲ್ಲಿ ಅದ್ದಿ
ನಾಲ್ಕನೆಯ ಕುಂಡದ ಮುಂದೆ ಕೂತಳು.
ಬಿಸಿಲು ಆಗಲೇ ಗೋಡೆ ಹತ್ತಿತ್ತು.