ನೆತ್ತಿಯ ಕಿಂಡಿಗಳು

ಕಿಟಕಿಯಾಚೆ ಉಲಾನ್‌ಬಾತರ್, ಮೈನಸ್ ಮೂವತ್ತು.
ಮೇಜಿನ ಪಕ್ಕದ ಪೆಟ್ಟಿಗೆಗೆ ಮಾತ್ರ ತೊಂಬತ್ತರ ಜ್ವರ.

ಗನ್‌ಜೋರಿಗ್ ಮಗ್ಗುಲ ಹಲಗೆ ಬಿಚ್ಚಿದ.
ಜಾಲರಿಯಲ್ಲಿ ಕಲ್ಲಿದ್ದಲೊಲೆಗಳ ಮಸಿ,
ಊರಿನ ಚಳಿಗಾಲವನ್ನೇ ಸೋಸಿಟ್ಟ ಹಾಗೆ.
ಬಣ್ಣದ ಕುಂಚದಲ್ಲಿ ಗುಡಿಸಿದ,
ವೈರುಗಳನ್ನು ಜಡೆ ಹೆಣೆದು ಮೂಲೆಗೆ ತಳ್ಳಿದ.
ಹಿಂದಿನ ಫ್ಯಾನೂ ಒಳಕ್ಕೇ ಊದುತ್ತಿತ್ತು.
"ಬಂದ ಗಾಳಿ ಹೋಗೋದು ಬೇಡ್ವಾ?"
ಎಂದು ತಿರುಗಿಸಿ ಕೂರಿಸಿದ.

ಅರವತ್ತೆರಡು.
ಉಪ್ಪು ಚಹಾ ಕುಡಿದೆವು.

ಅಷ್ಟರಲ್ಲಿ ಬೂದುಬೆಕ್ಕು ಎಲ್ಲಿಂದಲೋ ಬಂದು
ಪೆಟ್ಟಿಗೆಯ ನೆತ್ತಿಗೆ ಹಾರಿ, ಅಷ್ಟೂ ಕಿಂಡಿಗಳ ಮೇಲೆ
ದುಂಡಗೆ ಹರಡಿಕೊಂಡಿತು.
ಎಪ್ಪತ್ತು. ಎಂಬತ್ತು.
ಮುಖ ಮುಖ ನೋಡಿಕೊಂಡೆವು.
ಎರಡು ತಿಂಗಳ ಜ್ವರದ ಕಾರಣ ಗೊರಕೆ ಹೊಡೆಯುತ್ತಿತ್ತು.

ಅವನು ಗೂಟದಿಂದ ತನ್ನ ಉಣ್ಣೆಟೋಪಿ ತಂದು
ಹಿಂದೆ, ಬಿಸಿಗಾಳಿ ತಾಗುವಲ್ಲಿ ಇಟ್ಟ.
ಬೆಕ್ಕು ಒಂದೇ ಕಣ್ಣು ತೆರೆಯಿತು.
ಯೋಚಿಸಿತು.
ಇಳಿಯಿತು.

ಬೀದಿಯಲ್ಲಿ ಅವನು ಬರಿತಲೆಯಲ್ಲಿ ಓಡುತ್ತಿದ್ದ.
ಅರವತ್ತೊಂದು, ಎಂದೆ, ಗಾಜಿಗೆ.