ಮರ ಯಾವ ಕಡೆ

ಕಾಫಿ ತರುವ ಟ್ರೇಯ ಮೇಲೆ ಅಂಗೈಯುದ್ದದ ಪ್ಲಾಸ್ಟಿಕ್ ಮರ,
ಪಕ್ಕದಲ್ಲಿ ಹೆಬ್ಬೆರಳಷ್ಟು ಎತ್ತರದ, ಟೊಪ್ಪಿಯಿಟ್ಟ ಮನುಷ್ಯ.
'ಮರ ಎಲ್ಲಿದೆ, ಕೇಳಿ' ಎನ್ನುತ್ತಾಳೆ ಫೆಮ್ಕೆ.
ಕೇಳುತ್ತೇನೆ. ಅದಕ್ಕೇ ನನಗೆ ದಿನಕ್ಕೆ ಆರುನೂರು.

ವಿರಾಜಪೇಟೆ ಇಗರ್ಜಿಯ ಹಿಂಬದಿ ಕೋಣೆ.
ಮಾರ್ಚ್ ಮುಗಿಯುತ್ತ ಬಂದರೂ ಹೂಮಳೆ ಬಿದ್ದಿಲ್ಲ.
ಬೊಳ್ಳಚ್ಚಿ ಬೆಂಚು ಬೇಡವೆಂದು ನೆಲಕ್ಕೆ ಕೂತಳು,
ಟ್ರೇ ಇಳಿಯಿತು, ಯಂತ್ರ ಇಳಿಯಿತು, ನಾವೂ ಇಳಿದೆವು,
ನನ್ನ ಮೊಣಕಾಲು ಮಾತ್ರ ತಕರಾರು ಮಾಡಿತು.

'ಬಲಕ್ಕೋ, ಎಡಕ್ಕೋ?'
ಅವಳು ನನ್ನನ್ನು ನೋಡಿದಳು, ರೈಟರನನ್ನು ನೋಡುವ ಹಾಗೆ.
ಇಪ್ಪತ್ತೆಂಟು ವರ್ಷ, ಬೆಳಿಗ್ಗೆ ಏಳೂವರೆಗೆ,
ಚೆಕ್‌ರೋಲಿನಲ್ಲಿ ಅವಳ ಹೆಸರಿನೆದುರು ಗೀಟು ಎಳೆದವನು ನಾನು,
ಇಜಿದೋರ್ ಪಿರೇರಾ;
ಆದಿತ್ಯವಾರ ಕಾಣಿಕೆಯ ಚೀಲ ಹಿಡಿಯುವವನೂ ನಾನೇ.
ಎರವರ ಭಾಷೆ ನನಗೆ ನೀರು ಕುಡಿದಷ್ಟು ಸಲೀಸೆಂದು
ಫಾದರ್ ಇವಳಿಗೆ ಹೇಳಿಬಿಟ್ಟಿದ್ದಾರೆ.
ನನಗೆ ಬರುವುದು: ಬಾ. ತಾ. ಎಷ್ಟು ಚೀಲ. ನಾಳೆ ಬೇಗ.

ಮರ ಬೆಟ್ಟದ ಕಡೆ ಎಂದಳು ಬೊಳ್ಳಚ್ಚಿ.
ಟ್ರೇ ತಿರುಗಿಸಿದೆವು. ಈಗ ಮರ ಗದ್ದೆಯ ಕಡೆ.
ಫೆಮ್ಕೆ ಎದ್ದು ಕಿಟಕಿಯಾಚೆ ನೋಡಿದಳು,
ಮಲೆತಿರಿಕೆ ಬೆಟ್ಟ ಇದ್ದಲ್ಲೇ ಇತ್ತು.
ಏನೋ ಬರಬರನೆ ಬರೆದುಕೊಂಡಳು, ಕಿವಿಯವರೆಗೂ ಕೆಂಪಾಗಿ.

ಕಿತ್ತಳೆ ಸುಲಿಯುವ ಹೊತ್ತಿಗೆ ಕೇಳಿದೆ:
'ನಿಮ್ಮ ಯುನಿವರ್ಸಿಟಿ ನಮ್ಮವರದಂತೆ?'
ನೈಮೇಗನ್, ವಾಲ್ ನದಿಯ ದಂಡೆ, ಎಂದಳು.
ನೂರು ವರ್ಷದ ಹಿಂದೆ ಕಥೊಲಿಕರು
ಇಗರ್ಜಿ ಇಗರ್ಜಿಗಳಲ್ಲಿ ಹಾಕಿದ ಚಿಲ್ಲರೆಯಿಂದ ಎದ್ದದ್ದು.
ಈಚೆಗೆ ಬಿಷಪರೇ ಹೇಳಿದ್ದಾರೆ,
ಇನ್ನು ಆ ಹೆಸರು ಹೇಳಿಕೊಳ್ಳಬೇಡಿ ಎಂದು.
ಮಡಿಕೇರಿ ಬಸ್ಸಿನ ಸಮಯ ಬದಲಾದದ್ದನ್ನು ತಿಳಿಸುವ ಹಾಗೆ ತಿಳಿಸಿದಳು.
'ಮತ್ತೆ ನೀನು?'
'ಅಜ್ಜಿ ಹೋಗುತ್ತಿದ್ದಳು' ಎಂದು ಬೀಜ ಉಗಿದಳು.

ನನಗೆ ಆ ಚಿಲ್ಲರೆಯದೇ ಚಿಂತೆ.
ಹಸಿರು ಮಖಮಲ್ಲಿನ ಚೀಲ, ಉದ್ದ ಕೋಲು,
ಯಾವ ಬೆಂಚಿನಿಂದ ಯಾವ ಸದ್ದು ಬರುವುದೆಂದು ನಾನು ಬಲ್ಲೆ.
ಹತ್ತರ ನೋಟನ್ನು ಎಂಟು ಮಡಿಕೆ ಮಾಡಿ
ಐನೂರರ ಗಾಂಭೀರ್ಯದಿಂದ ಹಾಕುವವರನ್ನು ಬಲ್ಲೆ.
ಒಮ್ಮೊಮ್ಮೆ ಅಂಗಿಯ ಗುಂಡಿ ಬೀಳುತ್ತದೆ.
ಆ ಹಾಲೆಂಡಿನಲ್ಲೂ ಯಾವನೋ ಒಬ್ಬ
ಪಕ್ಕದವರು ನೋಡುತ್ತಾರೆಂದು ಗುಂಡಿ ಹಾಕಿರಬೇಕು.
ಹೆಸರನ್ನು ವಾಪಸು ಕರೆದರು ಸರಿ,
ಆ ಗುಂಡಿ?
ಚೆಕ್‌ರೋಲಿನಿಂದ ಹೆಸರು ಹೊಡೆಯುವುದು ನನಗೆ ಗೊತ್ತಿದ್ದ ಕೆಲಸ.
ಕೆಂಪು ಶಾಯಿ, ಒಂದು ಗೆರೆ.
ಅವರು ನೆಟ್ಟ ಸಿಲ್ವರ್ ಮರಗಳು ಮಾತ್ರ
ಮೆಣಸಿನ ಬಳ್ಳಿ ಹೊತ್ತು ಇನ್ನೂ ನಿಂತಿವೆ,
ಯಾರ ಲೆಕ್ಕಕ್ಕೋ.

'ಏನಂತೆ?' ಎಂದಳು ಬೊಳ್ಳಚ್ಚಿ.
ಹರಕು ಮುರುಕಾಗಿ ಹೇಳಿದೆ: ಇವಳು ಓದುವ ಮನೆ
ಮೊದಲು ನಮ್ಮ ದೇವರ ಕಡೆ ಇತ್ತು,
ಈಗ ಯಾವ ಕಡೆಯೋ ತಿಳಿಯದು.
ಅವಳು ಪ್ಲಾಸ್ಟಿಕ್ ಮರವನ್ನೆತ್ತಿ ಬುಡ ಮೇಲೆ ಮಾಡಿದಳು,
ಉಗುರಿನಿಂದ ಕೆರೆದಳು. ನುಣ್ಣಗಿತ್ತು.
ನಕ್ಕಳು. ಇದನ್ನು ಎಲ್ಲಿಟ್ಟರೂ ನಿಲ್ಲುತ್ತದೆ.
ಆಮೇಲೆ ಕೇಳಿದಳು: ಆ ಊರಿನಲ್ಲಿ ಬೆಟ್ಟ ಯಾವ ಕಡೆ?

ಬೆಟ್ಟವೆನ್ನುವಂಥದ್ದು ಇಲ್ಲ ಎಂದಳು ಫೆಮ್ಕೆ,
ಒಂದಿಷ್ಟು ದಿಬ್ಬಗಳಿವೆ, ನೂರು ಮೀಟರೂ ಇಲ್ಲ.

ಅದನ್ನು ಕೇಳಿದ್ದೇ ತಡ, ಬೊಳ್ಳಚ್ಚಿ ಮಾತಿಗೆ ಶುರುವಿಟ್ಟಳು.
ಅಷ್ಟುದ್ದದ ಮಾತನ್ನು ಅವಳಿಂದ ನಾನೆಂದೂ ಕೇಳಿರಲಿಲ್ಲ,
ಕೈ ಒಮ್ಮೆ ಬಾಗಿಲಾಚೆ, ಒಮ್ಮೆ ತನ್ನೆದೆಗೆ,
ಒಮ್ಮೆ, ಯಾಕೋ, ನನ್ನ ಕಡೆಗೆ.
ಯಂತ್ರದ ಕೆಂಪು ದೀಪ ಉರಿಯುತ್ತಿತ್ತು.
ನನಗೆ ತಿಳಿದದ್ದು ಅದರಲ್ಲಿ ಎರಡೇ ಮಾತು: ಬಾ. ನಾಳೆ.

ಫೆಮ್ಕೆ ಪೆನ್ನು ಹಿಡಿದು ಕಾದಳು.
'ದಾರಿ ತಪ್ಪೀತು ಎನ್ನುತ್ತಾಳೆ' ಎಂದೆ.

ಅದೆಲ್ಲ ಈಗ ಅಲ್ಲಿ, ಒಂದು ನಂಬರಿನ ಕೆಳಗೆ,
ಚಿಲ್ಲರೆಯಿಂದ ಎದ್ದ ಆ ಮನೆಯಲ್ಲಿದೆ.
ಎಂದಾದರೂ ಯಾರಾದರೂ ಹಚ್ಚಿ ಕೇಳಿಯಾರು:
ಮೊದಲು ಅವಳ ದನಿ,
ಆಮೇಲೊಂದು ಕೆಮ್ಮು,
ಆಮೇಲೆ ರೈಟರನ ಸುಳ್ಳು.