ಒಂದು ತೂತು ಕಡಿಮೆ

ಗೋಬಿಯ ಚಳಿಗೆ ಗ್ರೀಸೂ ಕಲ್ಲಾಗಿದೆ.
ಮೊಣಕಾಲೂರಿ ಓಯೂನ್‌ಚಿಮೆಗ್
ಅಗೆಯುವ ಯಂತ್ರದ ಹೊಟ್ಟೆಯಡಿ
ನಂಬರ್ ಪ್ಲೇಟಿನ ಮಣ್ಣು ಕೆರೆಯುತ್ತಾಳೆ.

ಬೂಸಾನಿನವ ಕೇಳಿದ್ದು ಮಾಡೆಲ್ ಒಂದನ್ನೇ:
"ಅಷ್ಟು ಸಾಕು, ಕೂತೇ ಕೂರುತ್ತೆ."
ಕೂರುವುದು ಅವನ ಬಾಯಲ್ಲಿ.

ಮೇಲಿನ ಮೈ ಒಂದು ವರ್ಷದ್ದು,
ಕಾಲು ಇನ್ನಾವುದೋ ಸತ್ತ ಯಂತ್ರದ್ದು;
ಹಳೆಯ ಮಾಲೀಕ ಹೇಳದೆ ಮಾರಿದ.
ಪ್ಲೇಟು ಸುಳ್ಳಾಡೀತು, ತೂತು ಆಡದು.

ಕೈಗವಸು ಕಳಚಿ ಎಣಿಸುತ್ತಾಳೆ,
ಸೀಮೆಸುಣ್ಣದ ಗುರುತಿಟ್ಟು, ಇನ್ನೊಮ್ಮೆ.
ಹದಿನಾರು.
ಕ್ಯಾಲಿಪರಿಗೆ ಬೆರಳು ಅಂಟಿ ಚರ್ಮ ಕಿತ್ತಿತು.

"ಅಳತೆಪಟ್ಟಿ ಪಕ್ಕಕ್ಕಿಟ್ಟು ಫೋಟೋ ಕಳಿಸು,
ಆಮೇಲೆ ದುಡ್ಡು."

ಹೋದ ಸಲದ ಹಲ್ಲುಚಕ್ರ
(ಹಡಗು, ರೈಲು, ನಲವತ್ತೇಳು ದಿನ)
ಅಲ್ಲೇ ಬಿದ್ದಿದೆ, ಹದಿನೈದು ತೂತಿನದು.
ನಾಯಿಯ ಸರಪಳಿಗೆ ಮಾತ್ರ
ಸರಿಯಾಗಿ ಕೂತಿದೆ.